ಕುಲುಮೆಯ ಚಾಕು ಮಾರಲು ಶಾಪಿಫೈ ಸರಿಯೋ, ವೂಕಾಮರ್ಸ್ ಸರಿಯೋ?

ಕುಲುಮೆಮನೆ:
ನಮ್ಮದು ತೀರ್ಥಹಳ್ಳಿ ಕಡೆಯ ಕಮ್ಮಾರರ ಮನೆ. ತಂದೆಯವರು ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಹದ ಹಾಕಿ ಅಡುಗೆ ಚಾಕು, ಕತ್ತಿ, ಮೆಟ್ಟುಗತ್ತಿ (ಕಾಲಿನಿಂದ ಮೆಟ್ಟಿ ಹಿಡಿದು ಹೆಚ್ಚುವ ಕತ್ತಿ) ಮಾಡುತ್ತಾರೆ. ತಿಂಗಳಿಗೆ ಮೂವತ್ತರಿಂದ ನಲವತ್ತು ತಯಾರಾಗುತ್ತವೆ. ಸಂತೆಯಲ್ಲಿ 600 ರೂಪಾಯಿಗೂ ಚೌಕಾಸಿ ನಡೆಯುವ ಚಾಕುವಿಗೆ ಬೆಂಗಳೂರಿನ ಗ್ರಾಹಕರು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ನೋಡಿ 1,800 ರೂಪಾಯಿ ಕೊಡುತ್ತಿದ್ದಾರೆ. ಆದ್ದರಿಂದ ನಮ್ಮದೇ ಜಾಲತಾಣ ಮಾಡಬೇಕೆಂದಿದ್ದೇನೆ. ಒಂದು ಚಾಕುವಿನಂತೆ ಇನ್ನೊಂದು ಇರುವುದಿಲ್ಲ, ಪ್ರತಿಯೊಂದಕ್ಕೂ ಬೇರೆ ಫೋಟೊ, ಬೇರೆ ಅಳತೆ ಹಾಕಬೇಕು. ಶಾಪಿಫೈ ತಿಂಗಳ ಬಾಡಿಗೆಗೆ ಸಿಗುವ ಆನ್‌ಲೈನ್ ಅಂಗಡಿ, ವೂಕಾಮರ್ಸ್ ನಾವೇ ನಮ್ಮ ತಾಣಕ್ಕೆ ಹಾಕಿಕೊಳ್ಳುವ ಅಂಗಡಿಯ ತಂತ್ರಾಂಶ ಎಂದಷ್ಟೇ ಗೊತ್ತು. ಯಾವ ವೇದಿಕೆ ಸೂಕ್ತವೆಂದು ತಿಳಿದವರು ಹೇಳಬೇಕು.

ಅಂಗಡಿಅನುಭವಿ:
ಎರಡನೆಯ ಯೋಚನೆಯೇ ಬೇಡ, ಶಾಪಿಫೈ ತೆಗೆದುಕೊಳ್ಳಿ. ನಾನು ಐದು ವರ್ಷಗಳಿಂದ ಅದರಲ್ಲಿ ಮರದ ಆಟಿಕೆಗಳನ್ನು ಮಾರುತ್ತಿದ್ದೇನೆ. ತಿಂಗಳ ಬಾಡಿಗೆ ಕೊಟ್ಟರೆ ಸರ್ವರ್, ಭದ್ರತೆ, ಬ್ಯಾಕಪ್ ಎಲ್ಲವೂ ಅವರ ಹೊಣೆ. ಫೋನಿನಲ್ಲೇ ಫೋಟೊ ತೆಗೆದು ಎರಡು ನಿಮಿಷದಲ್ಲಿ ಮಾರಾಟಕ್ಕಿಡಬಹುದು. ಕಮ್ಮಾರನ ಮಗ ಸುತ್ತಿಗೆ ಹಿಡಿಯಬೇಕೇ ಹೊರತು ತಾಣಕ್ಕೆ ಜೋಡಿಸುವ ಪ್ಲಗಿನ್ ಎಂಬ ಚಿಕ್ಕ ತಂತ್ರಾಂಶಗಳನ್ನು ಹಿಡಿದು ಕೂರಬಾರದು.

ಮುಕ್ತತಂತ್ರ:
"ಎಲ್ಲವೂ ಅವರ ಹೊಣೆ" ಎಂಬ ಮಾತಿಗೆ ತೆರಬೇಕಾದ ಬೆಲೆಯನ್ನೂ ಹೇಳಿಬಿಡಿ. ಶಾಪಿಫೈಯ ಸ್ವಂತ ಪಾವತಿ ಸೇವೆ ಭಾರತದಲ್ಲಿ ಇಲ್ಲ. ಹೊರಗಿನ ಗೇಟ್‌ವೇ (ಗ್ರಾಹಕರ ಹಣವನ್ನು ಆನ್‌ಲೈನ್‌ನಲ್ಲಿ ಪಡೆದು ನಮ್ಮ ಖಾತೆಗೆ ಹಾಕುವ ಕಂಪನಿ) ಬಳಸಿದ್ದಕ್ಕಾಗಿ ಬೇಸಿಕ್ ಯೋಜನೆಯಲ್ಲಿ ಪ್ರತಿ ಮಾರಾಟದ ಮೇಲೆ ಶೇ 2ರಷ್ಟನ್ನು ಅವರು ಮುರಿದುಕೊಳ್ಳುತ್ತಾರೆ, ಗೇಟ್‌ವೇಯವರ ಕಮಿಷನ್ ಅದಕ್ಕೆ ಪ್ರತ್ಯೇಕ. 1,800 ರೂಪಾಯಿಯ ಚಾಕುವಿಗೆ 36 ರೂಪಾಯಿ, ನಲವತ್ತು ಚಾಕುವಿಗೆ 1,440 ರೂಪಾಯಿ, ಅದರ ಮೇಲೆ ಬಾಡಿಗೆ. ವೂಕಾಮರ್ಸ್ 2011ರಿಂದ ಇರುವ ಮುಕ್ತ ತಂತ್ರಾಂಶ ಮತ್ತು ಉಚಿತ. ಅಂಗಡಿ ನಿಮ್ಮದೇ ಆಗಿರುತ್ತದೆ, ಯಾರೂ ಬೀಗ ಹಾಕಲಾರರು.

ಅಂಗಡಿಅನುಭವಿ:
"ಉಚಿತ" ಎಂಬ ಮಾತು ಹೊಸಬರನ್ನು ದಾರಿ ತಪ್ಪಿಸುತ್ತದೆ. ಹೋಸ್ಟಿಂಗ್‌ಗೆ (ತಾಣ ಇಡುವ ಸರ್ವರಿಗೆ) ಹಣ, ಥೀಮ್‌ಗೆ (ತಾಣದ ವಿನ್ಯಾಸಕ್ಕೆ) ಹಣ, ಅಪ್‌ಡೇಟ್ ಮಾಡಿದಾಗ ಚೆಕ್‌ಔಟ್ (ಗ್ರಾಹಕರು ಹಣ ಕಟ್ಟುವ ಪುಟ) ಕೆಟ್ಟರೆ ಸರಿಪಡಿಸುವವನಿಗೆ ಹಣ. ನನ್ನ ತಂಗಿಯ ಸೀರೆ ಅಂಗಡಿಯ ವೂಕಾಮರ್ಸ್ ತಾಣ ದಸರಾದ ವಾರದಲ್ಲೇ ಮೂರು ದಿನ ಮುಚ್ಚಿತ್ತು.

ಮುಕ್ತತಂತ್ರ:
ಆರು ತಿಂಗಳು ಅಪ್‌ಡೇಟ್ ಮಾಡದೆ ಬಿಟ್ಟರೆ ಯಾವ ತಾಣವಾದರೂ ಮುಚ್ಚುತ್ತದೆ. ತಂತ್ರಾಂಶದ ತಪ್ಪನ್ನೂ ಮನುಷ್ಯರ ಉದಾಸೀನವನ್ನೂ ಬೆರೆಸಬೇಡಿ.

ಅಂಗಡಿಅನುಭವಿ:
ನನ್ನ ತಂಗಿ ಉದಾಸೀನ ಮಾಡಿದಳೆಂದು ನಿಮಗೆ ಹೇಳಿದವರು ಯಾರು? ಈ ಧಾಟಿಯಲ್ಲಿ ನಿಮ್ಮೊಡನೆ ಚರ್ಚಿಸಲು ನನಗೆ ಇಷ್ಟವಿಲ್ಲ.

ಹಾವೇರಿಯವ:
ಇಬ್ಬರೂ ಗೋಡೆಯ ಬಣ್ಣದ ಬಗ್ಗೆ ಮಾತನಾಡುತ್ತಿದ್ದೀರಿ, ಮನೆಗೆ ಬಾಗಿಲೇ ಇಲ್ಲ. ತೊಡಕಿರುವುದು ಪಾವತಿಯಲ್ಲಿ. ಹಲವು ಗೇಟ್‌ವೇಗಳ ನಿಷೇಧಿತ ವ್ಯವಹಾರಗಳ ಪಟ್ಟಿಯಲ್ಲಿ ಆಯುಧಗಳ ಸಾಲು ಇರುತ್ತದೆ, ಕೆಲವರು ಅದೇ ಸಾಲಿನಲ್ಲಿ ಚಾಕುವನ್ನೂ ಸೇರಿಸಿದ್ದಾರೆ. ಪೇಪಾಲ್‌ನ ನಿಯಮವೂ ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟ ಚಾಕುಗಳನ್ನು ಹೊರಗಿಡುತ್ತದೆ. ನಾನು ಕುಡುಗೋಲು, ಮಚ್ಚುಗಳನ್ನು ಮಾರುತ್ತಿದ್ದಾಗ ಒಂದು ಗೇಟ್‌ವೇ ಹದಿನೆಂಟು ದಿನ ನನ್ನ ಹಣವನ್ನು ತಡೆಹಿಡಿಯಿತು. ಆದ್ದರಿಂದ ಒಂದು ಸಲಹೆ: "ಅಡುಗೆ ಚಾಕು" ಎಂದಷ್ಟೇ ಬರೆಯಿರಿ, "ಕತ್ತಿ" ಎಂಬ ಪದವನ್ನು ತಾಣದಲ್ಲಿ ಎಲ್ಲಿಯೂ ಬಳಸಬೇಡಿ. ಕತ್ತಿ ಎಂದರೆ ಖಡ್ಗ, ಅದನ್ನು ಓದಿದ ಯಾರೇ ಆದರೂ ಆಯುಧವೆಂದೇ ತಿಳಿಯುತ್ತಾರೆ.

ಪುತ್ತೂರಿನವಳು:
"ಕತ್ತಿ ಎಂದರೆ ಖಡ್ಗ" ಎಂಬುದು ನಿಮ್ಮ ಊರಿನ ಅರ್ಥ, ಕನ್ನಡದ ಏಕೈಕ ಅರ್ಥವಲ್ಲ. ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಕತ್ತಿ ಹಿಡಿದು ತೋಟಕ್ಕೆ ಹೋಗುತ್ತಾರೆ, ಯುದ್ಧಕ್ಕಲ್ಲ. ಸೊಪ್ಪು ಸವರುವುದು, ತೆಂಗಿನಕಾಯಿ ಕೆತ್ತುವುದು ಅದರಿಂದಲೇ. ಮೆಟ್ಟುಗತ್ತಿಯ ಮುಂದೆ ಕುಳಿತು ನನ್ನ ಅಜ್ಜಿ ಮೀನು ಹೆಚ್ಚುತ್ತಿದ್ದರು. ಯಾವುದೋ ಕಂಪನಿಯ ಯಂತ್ರಕ್ಕೆ ಅರ್ಥವಾಗುವುದಿಲ್ಲವೆಂದು ಮಾಡಿದವರೇ ತಮ್ಮ ವಸ್ತುವಿನ ಹೆಸರನ್ನು ಬಿಡಬೇಕೆ?

ಹಾವೇರಿಯವ:
ಅಜ್ಜಿಯ ಮೇಲಿನ ಗೌರವದಿಂದಲೇ ಕೇಳುತ್ತೇನೆ, ಆಯುಧಪೂಜೆಯ ದಿನ ಆ ಕತ್ತಿಯನ್ನು ಪೂಜೆಗೆ ಇಡುತ್ತೀರೋ ಇಲ್ಲವೋ? ಇಡುವುದಾದರೆ ಅದನ್ನು ಆಯುಧವೆಂದು ನೀವೇ ಒಪ್ಪಿದಂತಾಯಿತು.

ಪುತ್ತೂರಿನವಳು:
ಆ ದಿನ ನಾವು ಹೊಲಿಗೆ ಯಂತ್ರಕ್ಕೂ ಸ್ಕೂಟರಿಗೂ ಕುಂಕುಮ ಹಚ್ಚುತ್ತೇವೆ. ಅನ್ನ ಕೊಡುವ ಸಲಕರಣೆಯನ್ನೆಲ್ಲ ಪೂಜಿಸುವ ಹಬ್ಬವದು. ನಿಮ್ಮ ವಾದದಂತೆ ಸ್ಕೂಟರಿಗೂ ಆಯುಧದ ಲೈಸೆನ್ಸ್ ಬೇಕಾಗುತ್ತದೆ.

ಕಾನೂನುಓದುಗ:
ಲೈಸೆನ್ಸ್ ಎಂಬ ಮಾತು ಬಂದುದರಿಂದ ಬರೆಯುತ್ತಿದ್ದೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿಯ ಐದನೆಯ ವರ್ಗದಲ್ಲಿ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಹರಿತವಾದ ಆಯುಧಗಳು ಬರುತ್ತವೆ. ಆದರೆ ಗೃಹಬಳಕೆ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕಾ ಉದ್ದೇಶಕ್ಕಾಗಿ ರೂಪಿಸಿದವುಗಳನ್ನು ಅಲ್ಲಿಯೇ ಹೊರಗಿಟ್ಟಿದ್ದಾರೆ.

ಹಾವೇರಿಯವ:
9 ಅಂಗುಲ ಎಂದು ನಿಯಮವೇ ಹೇಳುತ್ತಿದೆಯಲ್ಲ. ಮಲೆನಾಡಿನ ಕತ್ತಿಯನ್ನು ಅಳೆದು ನೋಡಿ. ನಾನು ಮೊದಲೇ ಹೇಳಿದ್ದು ಇದನ್ನೇ.

ಪುತ್ತೂರಿನವಳು:
ವಾಕ್ಯದ ಅರ್ಧವನ್ನು ಓದಿ ಅರ್ಧವನ್ನು ಬಿಟ್ಟಿದ್ದೀರಿ. "ಕೃಷಿ" ಎಂಬ ಪದ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ?

ಮಡಿಕೇರಿಓದುಗ:
ನಮ್ಮ ಕೊಡವರ ಸಾಂಪ್ರದಾಯಿಕ ಒಡಿಕತ್ತಿ, ಪೀಚೆಕತ್ತಿಗಳನ್ನು ಯಾರೂ ಪ್ರಶ್ನಿಸುವುದಿಲ್ಲ. ಮದುವೆಯಲ್ಲಿ ಬಾಳೆ ಕಡಿಯುವುದು ಒಡಿಕತ್ತಿಯಿಂದಲೇ. ಆಯುಧದ ಲೈಸೆನ್ಸ್‌ನಿಂದ ಕೊಡವರಿಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ರಾಜ್ಯದ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಕುಲುಮೆಮನೆಯವರು ಧೈರ್ಯವಾಗಿ ಅವುಗಳನ್ನೂ ಮಾಡಿ ಮಾರಲಿ.

ಕಾನೂನುಓದುಗ:
ಆ ವಿನಾಯಿತಿ ಕೊಡವರು ಬಂದೂಕು ಮುಂತಾದವನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ತೀರ್ಥಹಳ್ಳಿಯ ಕಮ್ಮಾರರು ದೇಶಕ್ಕೆಲ್ಲ ಒಡಿಕತ್ತಿ ಮಾರುವುದಕ್ಕೆ ಅದು ರಕ್ಷಣೆಯಾಗುವುದಿಲ್ಲ. ದಯವಿಟ್ಟು ಇಂಥ ಧೈರ್ಯವನ್ನು ಇನ್ನೊಬ್ಬರಿಗೆ ಕೊಡಬೇಡಿ.

ಮಡಿಕೇರಿಓದುಗ:
ನಾನು ಪರಂಪರೆಯ ವಿಷಯ ಹೇಳಿದೆ, ನೀವು ಕಲಮುಗಳನ್ನು ಎಣಿಸುತ್ತಿದ್ದೀರಿ.

ಲೆಕ್ಕದಪುಸ್ತಕ:
ಹೆಸರಿನ ಜಗಳದಲ್ಲಿ ದುಡ್ಡಿನ ಪ್ರಶ್ನೆಯೂ ಇದೆ, ಯಾರೂ ಅದನ್ನು ಎತ್ತಲಿಲ್ಲ. ಜಿಎಸ್‌ಟಿಯಲ್ಲಿ ಅಡುಗೆ ಚಾಕು 8211 ಎಂಬ ಸರಕು ಸಂಕೇತದ ಅಡಿ ಬರುತ್ತದೆ, 2022ರ ಜುಲೈ 18ರಿಂದ ಅದರ ತೆರಿಗೆ ಶೇ 12ರಿಂದ 18ಕ್ಕೆ ಏರಿತು. ಕುಡುಗೋಲು, ಕೊಡಲಿ, ಸೊಪ್ಪು ಸವರುವ ಮಚ್ಚಿನಂಥ ಕೃಷಿಯ ಕೈಸಲಕರಣೆಗಳು 8201ರಲ್ಲಿವೆ, ಅವುಗಳಿಗೆ ತೆರಿಗೆಯೇ ಇಲ್ಲ. ತೋಟದ ಕತ್ತಿಯನ್ನು ಹೆದರಿಕೆಯಿಂದ "ಚಾಕು" ಎಂದು ಬಿಲ್ಲಿನಲ್ಲಿ ಬರೆದರೆ ಇಲ್ಲದ ತೆರಿಗೆಯನ್ನು ಮೈಮೇಲೆ ಎಳೆದುಕೊಂಡಂತಾಗುತ್ತದೆ. ಇನ್ನೊಂದು ವಿಷಯ: ವಹಿವಾಟು 40 ಲಕ್ಷ ದಾಟದಿದ್ದರೆ ನೋಂದಣಿ ಬೇಡವೆಂದು ಹಲವರು ನಂಬಿದ್ದಾರೆ. ಚಾಕುವಿನಂಥ ತೆರಿಗೆಯುಳ್ಳ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಮೊದಲ ಮಾರಾಟದಿಂದಲೇ ನೋಂದಣಿ ಕಡ್ಡಾಯ. ಚೆನ್ನೈನಿಂದ ಆರ್ಡರ್ ಬಂದ ದಿನ ಇದು ನೆನಪಾದರೆ ಪ್ರಯೋಜನವಿಲ್ಲ.

ಪುತ್ತೂರಿನವಳು:
ತೆರಿಗೆ ಇಲಾಖೆಯೇ ಇವನ್ನು ಕೃಷಿಯ ಸಲಕರಣೆಯೆಂದು ಒಪ್ಪಿದೆ. ಹಾವೇರಿಯವರು ಇನ್ನೇನು ಹೇಳುತ್ತಾರೆ?

ಹಾವೇರಿಯವ:
ತೆರಿಗೆ ಇಲಾಖೆ ನನ್ನ ಹಣವನ್ನು ತಡೆಹಿಡಿಯಲಿಲ್ಲ, ಗೇಟ್‌ವೇ ತಡೆಹಿಡಿಯಿತು. ಹದಿನೆಂಟು ದಿನ ಕಬ್ಬಿಣದ ಅಂಗಡಿಯವರಿಗೆ ನಾನು ಕೊಟ್ಟ ಸಮಜಾಯಿಷಿಯನ್ನು ನೀವು ಕೊಡಬೇಕಾಗಿರಲಿಲ್ಲ.

ಮುಕ್ತತಂತ್ರ:
ಹಣ ತಡೆಹಿಡಿದರೆಂಬ ಮಾತೇ ನನ್ನ ವಾದಕ್ಕೆ ಆಧಾರ. ವೂಕಾಮರ್ಸ್‌ನಲ್ಲಿ ಒಂದು ಗೇಟ್‌ವೇ ಕೈಬಿಟ್ಟರೆ ಅದೇ ದಿನ ಇನ್ನೊಂದನ್ನು ಜೋಡಿಸಬಹುದು. ಯಾವುದೂ ಒಪ್ಪದಿದ್ದರೆ ನೇರ ಬ್ಯಾಂಕ್ ವರ್ಗಾವಣೆಯ ಆಯ್ಕೆ ಅದರೊಳಗೇ ಇದೆ.

ಅಂಗಡಿಅನುಭವಿ:
ಬೇರೆ ಗೇಟ್‌ವೇ ಜೋಡಿಸುವುದು ಶಾಪಿಫೈಯಲ್ಲಿಯೂ ಸಾಧ್ಯ. ಬ್ಯಾಂಕ್ ವರ್ಗಾವಣೆಯನ್ನೂ ಕ್ಯಾಶ್ ಆನ್ ಡೆಲಿವರಿಯನ್ನೂ ಕೈಯಾರೆ ಪಾವತಿ ಎಂಬ ವಿಭಾಗದಲ್ಲಿ ಇಡಬಹುದು, ಅವುಗಳಿಗೆ ನೀವು ಹೇಳಿದ ಆ ಶೇ 2ರ ಶುಲ್ಕವೂ ಇಲ್ಲ. ಬಳಸದೆ ಇರುವವರು ತೀರ್ಪು ಕೊಡಬಾರದು.

ಮುಕ್ತತಂತ್ರ:
ಬಾಡಿಗೆ ಮಾತ್ರ ತಪ್ಪುವುದಿಲ್ಲ. ಮಳೆಗಾಲದಲ್ಲಿ ಇದ್ದಿಲು ಒದ್ದೆಯಾಗಿ ಕುಲುಮೆ ನಿಂತ ತಿಂಗಳಲ್ಲಿಯೂ ಅದನ್ನು ಕಟ್ಟಲೇಬೇಕು.

ಕುಲುಮೆಮನೆ:
ಮಳೆಗಾಲದ ಮಾತು ನಿಜ, ಜುಲೈ ತಿಂಗಳಲ್ಲಿ ನಮ್ಮಲ್ಲಿ ಹತ್ತು ಚಾಕುವೂ ಆಗುವುದಿಲ್ಲ. ಆದರೆ ತಾಣ ಕೆಟ್ಟರೆ ಸರಿಪಡಿಸಲು ನನಗೆ ಬರುವುದಿಲ್ಲ, ಅದಕ್ಕೆ ಮುಕ್ತತಂತ್ರ ಅವರು ಉತ್ತರ ಕೊಟ್ಟಿಲ್ಲ. ಒಂದೊಂದೇ ಇರುವ ವಸ್ತುವನ್ನು ಇಬ್ಬರು ಒಟ್ಟಿಗೆ ಕೊಂಡರೆ ಏನಾಗುತ್ತದೆಂಬುದನ್ನೂ ಯಾರೂ ಹೇಳಲಿಲ್ಲ. ಸದ್ಯಕ್ಕೆ ಎರಡು ಗೇಟ್‌ವೇಗಳಿಗೆ ಚಾಕುಗಳ ಫೋಟೊ, ಅಳತೆ, ಬಳಕೆಯ ವಿವರಗಳನ್ನು ಕಳುಹಿಸಿ ಲಿಖಿತ ಒಪ್ಪಿಗೆ ಕೇಳುತ್ತೇನೆ. ಅದು ಬರುವವರೆಗೆ ಯಾವ ವೇದಿಕೆಗೂ ಹಣ ಕಟ್ಟುವುದಿಲ್ಲ. ಹೆಸರಿನ ಬಗ್ಗೆ ತಂದೆಯವರನ್ನು ಕೇಳಿದೆ. ಅವರು ನಲವತ್ತು ವರ್ಷದಿಂದ ಕತ್ತಿ ಎಂದೇ ಕರೆದಿದ್ದಾರೆ, ತಾಣದಲ್ಲಿಯೂ "ತೋಟದ ಕತ್ತಿ" ಎಂದೇ ಇರುತ್ತದೆ.

ಹಾವೇರಿಯವ:
ಲಿಖಿತ ಒಪ್ಪಿಗೆ ಬಂದ ಮೇಲೂ ಮೊದಲ ತಿಂಗಳ ಹಣ ಖಾತೆಗೆ ಬೀಳುವವರೆಗೆ ಕಬ್ಬಿಣವನ್ನು ಸಾಲದಲ್ಲಿ ತರಬೇಡಿ. ಆ ಪದದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಪುತ್ತೂರಿನವಳು:
ನನ್ನದೂ ಬದಲಾಗಿಲ್ಲ. ಮೆಟ್ಟುಗತ್ತಿ ಮಾರಾಟಕ್ಕೆ ಬಂದ ದಿನ ಇಲ್ಲಿಯೇ ತಿಳಿಸಿ, ನನಗೊಂದು ಬೇಕು.