ರೇಡಿಯೇಶನ್ ಜತೆ ಸಿಸ್‌ಪ್ಲಾಟಿನ್: ನಡುವೆ ದಸರಾ ರಜೆ ಬಂದರೆ ದಿನದ ಲೆಕ್ಕ ಹೇಗೆ?

ಪ್ರಶ್ನೆ:
ಮೈಸೂರಿನಲ್ಲಿ ಗಂಟಲು ಕ್ಯಾನ್ಸರ್ ಅಧ್ಯಯನಕ್ಕೆ ಪ್ರೋಟೊಕಾಲ್ (ಅಧ್ಯಯನದ ನಿಯಮಾವಳಿ) ಬರೆಯುತ್ತಿದ್ದೇವೆ. ವಾರಕ್ಕೆ ಐದು ದಿನದಂತೆ 35 ಸಲ ರೇಡಿಯೇಶನ್, ಒಟ್ಟು 70 ಗ್ರೇ (ರೇಡಿಯೇಶನ್ ಅಳೆಯುವ ಮಾನ). ಜತೆಗೆ 1, 22, 43ನೇ ದಿನ ಕೀಮೊ ಔಷಧಿ ಸಿಸ್‌ಪ್ಲಾಟಿನ್, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 100 ಮಿ.ಗ್ರಾಂ. ಸೆಪ್ಟೆಂಬರಿನಲ್ಲಿ ಶುರುವಾದವರಿಗೆ ಆಯುಧಪೂಜೆ, ವಿಜಯದಶಮಿ ನಡುವೆ ಬರುತ್ತವೆ. ಆಗ ಮಿಷನ್ ನಿಂತರೆ ಕೀಮೊ ದಿನವನ್ನೂ ಮುಂದಕ್ಕೆ ಹಾಕಬೇಕಾ? ಇಮ್ಯುನೊಥೆರಪಿಯನ್ನೂ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧಿ) ಮೊದಲ ದಿನದಿಂದಲೇ ಸೇರಿಸಬಹುದಾ?

ಉತ್ತರ 1:
ಸರ್, ಸಿಸ್‌ಪ್ಲಾಟಿನ್ ಇಲ್ಲಿರೋದು ರೇಡಿಯೇಶನ್ನಿನ ಏಟು ಜಾಸ್ತಿ ಮಾಡೋಕೆ. ಏಟು ತಿಂದ ಡಿಎನ್‌ಎ ರಿಪೇರಿ ಆಗದಂತೆ ತಡೆಯುತ್ತೆ. ಹಾಗಾಗಿ ಡ್ರಿಪ್ ಹಾಕಿದ ಮೇಲೆ ಸಾಲಾಗಿ ನಾಲ್ಕೈದು ದಿನ ರೇಡಿಯೇಶನ್ ಸಿಗಬೇಕು. ಸೋಮವಾರ ಶುರು ಮಾಡಿದರೆ 22, 43 ಎರಡೂ ಸೋಮವಾರವೇ ಬೀಳುತ್ತವೆ, 47ನೇ ದಿನ ಶುಕ್ರವಾರ ಮುಗಿಯುತ್ತೆ. ಶುಕ್ರವಾರ ಶುರು ಮಾಡಿದರೆ ಮೂರು ಡೋಸಿಗೂ ಶನಿವಾರ, ಭಾನುವಾರ ಅಡ್ಡ ಬರುತ್ತವೆ.

ರಜೆಯ ಎರಡು ದಿನವನ್ನ ಕೊನೆಗೆ ಸೇರಿಸಬೇಡಿ. ನಾಲ್ಕನೇ ವಾರದ ಹೊತ್ತಿಗೆ ಉಳಿದ ಕ್ಯಾನ್ಸರ್ ಕೋಶಗಳು ಬೇಗ ಬೇಗ ಹೆಚ್ಚತೊಡಗುತ್ತವೆ, ಒಂದು ದಿನ ಜಾರಿದರೂ ನಷ್ಟವೇ. ಹಿಂದಿನ ಶನಿವಾರ ಮಿಷನ್ ನಡೆಸಿ, ಇಲ್ಲವೇ ಒಂದೇ ದಿನ ಎರಡು ಸಲ ಕೊಡಿ, ನಡುವೆ ಕನಿಷ್ಠ 6 ಗಂಟೆ ಬಿಟ್ಟು. ಬೆಳಗ್ಗೆ 9ಕ್ಕೆ ಕೊಟ್ಟರೆ ಮಧ್ಯಾಹ್ನ 3ಕ್ಕೆ ಮೊದಲು ಬೇಡ, ಬೆನ್ನುಹುರಿ ಚೇತರಿಸಿಕೊಳ್ಳಬೇಕು. ಮಂಡ್ಯ, ಮದ್ದೂರಿಂದ ಬಸ್ಸಲ್ಲಿ ಬರೋರಿಗೆ ಶನಿವಾರವೇ ವಾಸಿ. ಕೀಮೊ ದಿನವೇ ರಜೆಯಾದರೆ ಮಾತ್ರ ಅದನ್ನ ಮಿಷನ್ ನಡೆಯೋ ಮರುದಿನಕ್ಕೆ ಹಾಕಿ. ಎಷ್ಟು ದಿನ ಆಚೀಚೆ ಆಗಬಹುದು ಅನ್ನೋದು ಪ್ರೋಟೊಕಾಲಲ್ಲೇ ಇರಲಿ.

ಉತ್ತರ 2:
ಕೀಮೊ ತಡವಾಯ್ತು ಅಂತ ರೇಡಿಯೇಶನ್ ನಿಲ್ಲಿಸಬೇಡಿ. ಸಿಸ್‌ಪ್ಲಾಟಿನ್ ಕೊಟ್ಟ ಮೇಲೆ ರಕ್ತಕಣ ತೀರಾ ಇಳಿಯೋದು 18ರಿಂದ 23ನೇ ದಿನದೊಳಗೆ, ಸರಿಯಾಗಿ ಎರಡನೇ ಡೋಸಿನ ಹೊತ್ತಿಗೆ. ಹಿಂದಿನ ದಿನವೇ ಸಿಬಿಸಿ (ರಕ್ತಕಣಗಳ ಎಣಿಕೆ), ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋದು), ಮೆಗ್ನೀಸಿಯಂ ನೋಡಿ. ಆಮೇಲಾಮೇಲೆ ಬಾಯೆಲ್ಲ ಹುಣ್ಣಾಗಿ ನೀರೂ ಇಳಿಯಲ್ಲ, ಕ್ರಿಯಾಟಿನಿನ್ ಏರುತ್ತೆ, 43ನೇ ದಿನದ ಡೋಸ್ ತಪ್ಪುತ್ತೆ. ಆದ್ದರಿಂದ ನಿಗದಿ ಮಾಡಿದ್ದರ ಪಕ್ಕದಲ್ಲೇ ನಿಜವಾಗಿ ಕೊಟ್ಟಿದ್ದೆಷ್ಟು ಅಂತಲೂ ಬರೆಯಿರಿ. ಚದರ ಮೀಟರಿಗೆ ಒಟ್ಟು 200 ಮಿ.ಗ್ರಾಂ. ಮುಟ್ಟಿತಾ ಅನ್ನೋದು ವಿಶ್ಲೇಷಣೆಯಲ್ಲಿ ಬೇಕೇ ಬೇಕು.

ಉತ್ತರ 3:
ಇಮ್ಯುನೊಥೆರಪಿ ವಿಷಯದಲ್ಲಿ ದಯವಿಟ್ಟು ಆತುರ ಬೇಡ. ಶ್ವಾಸಕೋಶದ ಪೆಸಿಫಿಕ್ ಟ್ರಯಲ್‌ನಲ್ಲಿ ಕೀಮೊ-ರೇಡಿಯೇಶನ್ ಮುಗಿದು 42 ದಿನದೊಳಗೆ ಡರ್ವಾಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿ ಶುರು ಮಾಡಿದಾಗ ಲಾಭವಾಯ್ತು. ಪೆಸಿಫಿಕ್-2ರಲ್ಲಿ ಅದೇ ಔಷಧಿಯನ್ನ ಜತೆಜತೆಗೇ ಕೊಟ್ಟಾಗ ಆಗಲಿಲ್ಲ. ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ಅವೆಲುಮ್ಯಾಬ್ ಎಂಬ ಇಂಥದ್ದೇ ಔಷಧಿಯನ್ನ ಹೀಗೇ ಜತೆಗೆ ಕೊಟ್ಟ ಜಾವೆಲಿನ್ 100 ಟ್ರಯಲ್ ಕೂಡ ಸೋತಿತು. ಆದರೆ ಗರ್ಭಕಂಠದ ಕ್ಯಾನ್ಸರಿನಲ್ಲಿ ಕೀನೋಟ್-ಎ18 ಟ್ರಯಲ್‌ನಲ್ಲಿ ಪೆಂಬ್ರೊಲಿಜುಮ್ಯಾಬನ್ನ ಜತೆಗೆ ಕೊಟ್ಟದ್ದೇ ಗೆದ್ದಿತು. ಒಂದು ಅಂಗದ ವೇಳಾಪಟ್ಟಿಯನ್ನ ಇನ್ನೊಂದಕ್ಕೆ ಎತ್ತಿ ಹಾಕೋಕಾಗಲ್ಲ.

ಇನ್ನೊಂದು: ರೇಡಿಯೇಶನ್ ಮುಗಿದು ಇಮ್ಯುನೊಥೆರಪಿಯನ್ನ "14 ದಿನದೊಳಗೆ ಶುರು ಮಾಡಿದವರು" ಮತ್ತು "ಆಮೇಲೆ ಶುರು ಮಾಡಿದವರು" ಅಂತ ಹಳೇ ಫೈಲುಗಳಿಂದ ಹೋಲಿಸಬೇಡಿ. ಬೇಗ ಚೇತರಿಸಿಕೊಂಡವರೇ ಬೇಗ ಶುರು ಮಾಡಿರುತ್ತಾರೆ. ಸಮಯವೇ ನಿಮ್ಮ ಪ್ರಶ್ನೆಯಾದರೆ ಆ ಸಮಯವನ್ನೇ ಚೀಟಿ ಎತ್ತಿದಂತೆ ರ‍್ಯಾಂಡಮೈಸ್ ಮಾಡಿ.