ತೊಯೊಕಾವಾ ಇನಾರಿ: ಗುಡಿಯೋ, ವಿಹಾರವೋ?

ಮಾನ್ಯರೇ,

ಜಪಾನಿನ ಐಚಿ ಪ್ರಾಂತದ ತೊಯೊಕಾವಾ ಇನಾರಿಗೆ ಹೋಗಿಬಂದು ಅದರ ಬಗ್ಗೆ ಬರೆಯಲು ಕುಳಿತಾಗ, ಅದನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆ ಮೊದಲ ವಾಕ್ಯದಲ್ಲಿಯೇ ಎದುರಾಯಿತು. ಜಪಾನೀ ಭಾಷೆಯಲ್ಲಿ ಅಲ್ಲಿನ ಮೂಲಧರ್ಮವಾದ ಶಿಂತೋದ ಸ್ಥಾನಕ್ಕೆ ‘ಜಿಂಜ’, ಬೌದ್ಧ ಸ್ಥಾನಕ್ಕೆ ‘ತೆರ’ ಎಂಬ ಪ್ರತ್ಯೇಕ ಪದಗಳಿವೆ. ನಾವು ಎರಡನ್ನೂ ‘ದೇವಾಲಯ’ ಎಂದುಬಿಡುತ್ತೇವೆ. ಮೊದಲನೆಯದನ್ನು ಗುಡಿ, ಎರಡನೆಯದನ್ನು ವಿಹಾರ ಎಂದು ಬೇರ್ಪಡಿಸೋಣವೆಂದರೆ ಈ ಸ್ಥಳ ಅದಕ್ಕೂ ಒಗ್ಗುವುದಿಲ್ಲ. ಶಿಂತೋ ಸ್ಥಾನಗಳ ಗುರುತಾದ ತೊರಿಯಿ ಎಂಬ ಕಮಾನು, ಕೊರಳಿಗೆ ಕೆಂಪು ಬಟ್ಟೆ ಕಟ್ಟಿದ ನೂರಾರು ಕಲ್ಲಿನ ನರಿಗಳು, ಇನಾರಿ ಎಂಬ ಶಿಂತೋ ಧಾನ್ಯದೇವತೆಯ ಹೆಸರು ಎಲ್ಲವೂ ಇಲ್ಲಿವೆ. ಆದರೂ ಇದು 1441ರಲ್ಲಿ ಸ್ಥಾಪನೆಯಾದ, ಸೋತೋ ಝೆನ್ ಪಂಥಕ್ಕೆ ಸೇರಿದ ಮ್ಯೋಗೊಂಜಿ ಎಂಬ ತೆರ. ಆದ್ದರಿಂದಲೇ ಜಿಂಜದಲ್ಲಿ ತಟ್ಟುವಂತೆ ಇಲ್ಲಿ ಚಪ್ಪಾಳೆ ತಟ್ಟದೆ, ಸದ್ದಿಲ್ಲದೆ ಕೈಮುಗಿಯಬೇಕು. (ನಾನು ತಟ್ಟಿದ ಮೇಲೆಯೇ ಇದು ತಿಳಿದದ್ದು.) 1868ರಲ್ಲಿ ಮೇಯ್ಜಿ ಸರ್ಕಾರ ‘ಕಾಮಿ’ ಎಂಬ ಶಿಂತೋ ದೇವತೆಗಳನ್ನೂ ಬುದ್ಧರನ್ನೂ ಬೇರ್ಪಡಿಸಲು ಆಜ್ಞೆ ಹೊರಡಿಸಿದರೂ ಇಲ್ಲಿನ ಆರಾಧನೆ ಉಳಿದುಕೊಂಡಿದೆ.

ಎರಡನೆಯ ತೊಡಕು ದೇವತೆಯದು. ಭತ್ತದ ಕಟ್ಟನ್ನು ಹೊತ್ತು ಬಿಳಿ ನರಿಯ ಮೇಲೆ ಬರುವ ಈಕೆ ‘ದಾಕಿನಿತೆನ್’. ಸಂಸ್ಕೃತದ ‘ದೇವ’ಕ್ಕೆ ಚೀನೀ ಬೌದ್ಧರು ಬಳಸಿದ ಅಕ್ಷರವೇ ಕೊನೆಯ ‘ತೆನ್’. ಆಕೆಯ ಮಂತ್ರವೂ ‘ಓನ್’ ಎಂದು ಆರಂಭವಾಗಿ ‘ಸೊವಾಕ’ ಎಂದು ಮುಗಿಯುತ್ತದೆ, ಎಂದರೆ ನಮ್ಮ ಓಂ, ಸ್ವಾಹಾಗಳೇ. ಹಾಗೆಂದು ‘ಡಾಕಿನಿ ದೇವಿ’ ಎಂದು ಬರೆದರೆ, ಡಾಕಿನಿ–ಶಾಕಿನಿಯರೆಂದು ಹೆದರಿಸಿದ ಕಥೆಗಳನ್ನು ಕೇಳಿ ಬೆಳೆದ ನಮ್ಮ ಓದುಗರಿಗೆ ವ್ಯಾಪಾರವೃದ್ಧಿಗಾಗಿ ಜನ ಹರಕೆ ಹೊರುವ ಈ ಸೌಮ್ಯಮೂರ್ತಿ ಕಾಣಿಸಲಾರಳು. ಮೂಲಪದಕ್ಕೆ ಮರಳುವುದರಿಂದ ಅರ್ಥ ಕೆಡುವುದೂ ಉಂಟಲ್ಲವೇ?

ಕಾಮಿ–ಬುದ್ಧರ ಇಂಥ ಬೆಸುಗೆಗೆ ಅಲ್ಲಿನ ವಿದ್ವಾಂಸರ ಪದ ‘ಶಿನ್ಬುತ್ಸು ಶೂಗೋ’. ‘ಮಿಶ್ರಣ’ ಎಂದರೆ ಅಂಗಡಿಯ ಸರಕೆನಿಸುತ್ತದೆ, ‘ಬೆರಕೆ’ಯಲ್ಲಿ ತಿರಸ್ಕಾರವಿದೆ, ‘ಸಮನ್ವಯ’ವೆಂದರೆ ಯಾರೋ ಕುಳಿತು ರಾಜಿ ಮಾಡಿಸಿದಂತಾಗುತ್ತದೆ. ನನಗೆ ‘ಕೂಡುಪೂಜೆ’ ಎಂಬುದು ಹೊಳೆದಿದೆ, ಆದರೆ ಅದು ಸಾಮೂಹಿಕ ಪೂಜೆಯೆಂದೂ ಕೇಳಿಸೀತು.

ಸ್ಥಳಕ್ಕೆ ಸದ್ಯ ‘ವಿಹಾರ’ವನ್ನೇ ಆರಿಸಿದ್ದೇನೆ. ಮಂಗಳೂರಿನ ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನೆಂಬ ಬೌದ್ಧ ಮೂರ್ತಿಯ ಕ್ರಿ.ಶ. 968ರ ಶಾಸನ ಆ ಸ್ಥಳವನ್ನು ‘ಕದಿರಿಕಾ ವಿಹಾರ’ವೆಂದೇ ಕರೆಯುವುದರಿಂದ ಪದ ನಮಗೆ ಹೊಸದೇನಲ್ಲ. ಆದರೆ ಇಂದಿನ ಕನ್ನಡದಲ್ಲಿ ವಿಹಾರವೆಂದರೆ ಅಡ್ಡಾಟವೆಂದೇ ಮೊದಲು ಹೊಳೆಯುತ್ತದೆ. ಇದಕ್ಕಿಂತ ಒಪ್ಪುವ ಪದ ಬಲ್ಲವರು ದಯವಿಟ್ಟು ತಿಳಿಸಬೇಕು.