ಕ್ಲೋರಿನ್ 3 ಪಿಪಿಎಂ ತೋರಿಸ್ತಿದೆ, ಆದ್ರೂ ಪೂಲ್ ನೀರು ಹಸಿರು, ತಳ ಕಾಣ್ತಿಲ್ಲ

ತೋಟದಮನೆ_ದೇವನಹಳ್ಳಿ:

ಎಲ್ಲರಿಗೂ ನಮಸ್ಕಾರ. ಮಳೆ ಶುರುವಾದಾಗಿನಿಂದ ಮನೆ ಪೂಲ್‌ನ ನೀರು ಹಸಿರಾಗಿ ರಾಡಿಯಾಗಿದೆ. ಎರಡನೇ ಮೆಟ್ಟಿಲು ಮಸುಕಾಗಿ ಕಾಣುತ್ತೆ, ಮೂರನೆಯದು ಕಾಣೋದೇ ಇಲ್ಲ.

ಅಳತೆ 8 × 4 ಮೀಟರ್, ಆಳ 1ರಿಂದ 1.6 ಮೀಟರ್. ಕಾಂಕ್ರೀಟ್, ಮೇಲೆ ಟೈಲ್ಸ್. 1 ಎಚ್‌ಪಿ ಪಂಪು, 500 ಮಿ.ಮೀ. ಮರಳಿನ ಫಿಲ್ಟರ್, ದಿನಕ್ಕೆ 4 ಗಂಟೆ ಓಡುತ್ತೆ. ತುಂಬಿಸೋದು ಬೋರ್‌ವೆಲ್ ನೀರು. ಮೊದಲಿನಿಂದಲೂ ತೇಲುವ ಡಬ್ಬಿಯಲ್ಲಿ 200 ಗ್ರಾಂನ ಟಿಸಿಸಿಎ ಅನ್ನೋ ಕ್ಲೋರಿನ್ ಮಾತ್ರೆ ಇಡ್ತೀವಿ.

ಇವತ್ತಿನ ರೀಡಿಂಗ್: ಫ್ರೀ ಕ್ಲೋರಿನ್ (ಖರ್ಚಾಗದೆ ಉಳಿದ ಕ್ಲೋರಿನ್) 3 ಪಿಪಿಎಂ, ಅಂದ್ರೆ ಲೀಟರಿಗೆ 3 ಮಿ.ಗ್ರಾಂ; ಪಿಎಚ್ 8.0, ಆಲ್ಕಲಿನಿಟಿ (ಕ್ಷಾರೀಯತೆ) 220. ಎಸ್‌ಡಿಐಸಿ ಅನ್ನೋ ಕ್ಲೋರಿನ್ ಪುಡಿ ಎರಡು ಸಲ ಒಂದೊಂದು ಕೆಜಿ ಹಾಕಿದ್ದಾಯ್ತು, ತಾಮ್ರದ ಆಲ್ಜಿಸೈಡ್ (ಪಾಚಿನಾಶಕ) ಒಂದು ಬಾಟಲಿ ಸುರಿದಿದ್ದಾಯ್ತು. ಸ್ವಲ್ಪ ತಿಳಿಯಾದ ಹಾಗೆ ಆಗಿ ಮತ್ತೆ ಹಸಿರು. ಪೂರ್ತಿ ಖಾಲಿ ಮಾಡಿ ತುಂಬಿಸಿ ಅಂತಾರೆ. ಏಳು ಟ್ಯಾಂಕರ್ ನೀರು ಬೇಕು. ಬೇರೆ ದಾರಿ ಇದೆಯಾ?

ಕ್ಲೋರಿನ್_ಲೆಕ್ಕ:

ನೀವು ಕೊಟ್ಟಿರೋ ಪಟ್ಟಿಯಲ್ಲಿ ಒಂದು ಸಂಖ್ಯೆ ಇಲ್ಲ, ಎಲ್ಲಾ ನಿಂತಿರೋದು ಅದರ ಮೇಲೆ: ಸಯನ್ಯೂರಿಕ್ ಆಸಿಡ್. ಅಂಗಡಿಯಲ್ಲಿ ಸ್ಟೆಬಿಲೈಜರ್ ಅಂತಾರೆ. ಅದನ್ನು ಅಳೆಯೋವರೆಗೂ ಇನ್ನೊಂದು ಚಮಚ ಕೆಮಿಕಲ್ ಕೂಡ ಹಾಕಬೇಡಿ.

ಯಾಕೆ ಅಂದ್ರೆ, ಟಿಸಿಸಿಎ ಮಾತ್ರೆಯಲ್ಲಿ ಕ್ಲೋರಿನ್ ಜೊತೆಗೆ ಅರ್ಧಕ್ಕಿಂತ ಹೆಚ್ಚು ತೂಕ ಸಯನ್ಯೂರಿಕ್ ಆಸಿಡ್ಡೇ ಇರುತ್ತೆ. ಕ್ಲೋರಿನ್ ಪಾಚಿ ಕೊಂದು, ಬಿಸಿಲಿಗೆ ಸುಟ್ಟು ಖರ್ಚಾಗುತ್ತೆ. ಸಯನ್ಯೂರಿಕ್ ಆಸಿಡ್ ಅಲ್ಲೇ ಉಳಿಯುತ್ತೆ. ನೀರು ಆವಿಯಾದರೂ ಅದು ಹೋಗಲ್ಲ. ನಿಮ್ಮ ಪೂಲ್‌ನಲ್ಲಿ ಸುಮಾರು 41,600 ಲೀಟರ್ ನೀರಿದೆ. ಒಂದು ಮಾತ್ರೆ ಕರಗಿದರೆ ಸಯನ್ಯೂರಿಕ್ ಸುಮಾರು 2.6 ಪಿಪಿಎಂ ಏರುತ್ತೆ. ವಾರಕ್ಕೊಂದರಂತೆ ವರ್ಷ ಹಾಕಿದರೆ 130 ದಾಟುತ್ತೆ. ನೀವು ಹಾಕಿದ ಎರಡು ಕೆಜಿ ಎಸ್‌ಡಿಐಸಿಯಿಂದಲೇ ಇನ್ನೊಂದು 24 ಸೇರಿದೆ.

ಇದು ಹೆಚ್ಚಾದಷ್ಟೂ ಕ್ಲೋರಿನ್ ಕೈ ಕಟ್ಟಿಹಾಕಿದಂತೆ. ಕಿಟ್‌ನಲ್ಲಿ 3 ಅಂತ ತೋರಿಸುತ್ತೆ, ಕೊಲ್ಲೋ ಶಕ್ತಿ ಇರಲ್ಲ. ಪಾಚಿ ಬರದ ಹಾಗೆ ನೋಡಿಕೊಳ್ಳೋಕೆ ಫ್ರೀ ಕ್ಲೋರಿನ್ ಯಾವಾಗಲೂ ಸಯನ್ಯೂರಿಕ್‌ನ ಶೇ. 7.5ರಷ್ಟಾದರೂ ಇರಬೇಕು. ಬಂದ ಪಾಚಿ ಕೊಲ್ಲೋಕೆ ಶೇ. 40ರಷ್ಟು ಬೇಕು, ಅದೂ ಇಳಿಯೋಕೆ ಬಿಡದೆ. ಸಯನ್ಯೂರಿಕ್ 30 ಇದ್ದರೆ 12 ಪಿಪಿಎಂ ಸಾಕು. 100 ಇದ್ದರೆ 40 ಬೇಕು, ಅದನ್ನ ದಿನಗಟ್ಟಲೆ ಹಿಡಿದಿಡೋಕೆ ಆಗಲ್ಲ.

ಅಳೆಯೋದು ಹೀಗೆ. ಪೂಲ್ ನೀರನ್ನು ಹತ್ತಿಬಟ್ಟೆಯಲ್ಲಿ ಸೋಸಿ, ಕಿಟ್‌ನ ದ್ರಾವಣ ಸೇರಿಸಿದರೆ ಬೆಳ್ಳಗೆ ಮೋಡ ಕಟ್ಟುತ್ತೆ. ಕೊಳವೆಗೆ ಸುರಿಯುತ್ತಾ ಮೇಲಿನಿಂದ ನೋಡಿದಾಗ ತಳದ ಕಪ್ಪು ಚುಕ್ಕೆ ಎಲ್ಲಿ ಮರೆಯಾಗುತ್ತೋ ಅದೇ ರೀಡಿಂಗ್. 100ರ ಗೆರೆ ಮುಟ್ಟೋದರೊಳಗೇ ಮರೆಯಾದರೆ, ಅಷ್ಟೇ ಪ್ರಮಾಣದ ಆರ್‌ಒ ನೀರು ಬೆರೆಸಿ ಮತ್ತೆ ಅಳೆದು, ಬಂದದ್ದನ್ನು ಎರಡರಿಂದ ಗುಣಿಸಿ. ಬೆಳಕಲ್ಲಿ ನಿಂತು, ಸೂರ್ಯನಿಗೆ ಬೆನ್ನು ಹಾಕಿ ನೋಡಿ.

ತೋಟದಮನೆ_ದೇವನಹಳ್ಳಿ:

ಕಿಟ್ ತಂದು ನೋಡಿದೆ. ನೇರವಾಗಿ ನೋಡಿದರೆ 100ಕ್ಕಿಂತ ಮೊದಲೇ ಚುಕ್ಕೆ ಮಾಯ. ಅರ್ಧಕ್ಕರ್ಧ ಬೆರೆಸಿದಾಗ 70. ಅಂದ್ರೆ 140 ತಾನೇ? ಈಗ ಪೂರ್ತಿ ಖಾಲಿ ಮಾಡಲೇಬೇಕಾ?

ಕ್ಲೋರಿನ್_ಲೆಕ್ಕ:

140 ಸರಿ. ಈ ನೀರಲ್ಲೇ ಪಾಚಿ ಕೊಲ್ಲಬೇಕು ಅಂದ್ರೆ 56 ಪಿಪಿಎಂ ಕ್ಲೋರಿನ್ ಹಿಡಿದಿಡಬೇಕು. ಆಗದ ಮಾತು. ಸಯನ್ಯೂರಿಕ್ ಇಳಿಸೋಕೆ ನೀರು ಬದಲಾಯಿಸೋದೊಂದೇ ನಂಬಬಹುದಾದ ದಾರಿ. ಆದರೆ ಪೂರ್ತಿ ಖಾಲಿ ಬೇಡ.

30,000 ಲೀಟರ್ ತೆಗೆದು ಅಷ್ಟೇ ತುಂಬಿಸಿ. ಅಂದ್ರೆ 6,000 ಲೀಟರಿನ ಐದು ಟ್ಯಾಂಕರ್. ಉಳಿಯೋ ನೀರು ಆಳದ ತುದಿಯಲ್ಲಿ ಎರಡು ಅಡಿ, ಆಳ ಕಡಿಮೆ ಇರೋ ತುದಿಯಲ್ಲಿ ಎರಡು ಇಂಚು ಇರುತ್ತೆ. ತುಂಬಿದ ಮೇಲೆ ಸಯನ್ಯೂರಿಕ್ 39ಕ್ಕೆ ಬರುತ್ತೆ, ಬೇಕಾದ ಕ್ಲೋರಿನ್ 16 ಪಿಪಿಎಂ. ಇದು ಮಾಡೋಕಾಗೋ ಕೆಲಸ.

ಒಂದು ಎಚ್ಚರಿಕೆ. ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲೆ ಬಂದಿದ್ದರೆ, ಖಾಲಿ ತೊಟ್ಟಿಯನ್ನು ಕೆಳಗಿನಿಂದ ಒತ್ತುತ್ತೆ. ಟೈಲ್ಸ್ ಎದ್ದು ಬರಬಹುದು, ಕಾಂಕ್ರೀಟ್ ಬಿರುಕು ಬಿಡಬಹುದು. ಫೈಬರ್ ಪೂಲ್ ಆದರೆ ಇಡಿಯಾಗಿ ಮೇಲೇಳುತ್ತೆ. ಅಕ್ಕಪಕ್ಕದ ಗುಂಡಿಗಳಲ್ಲಿ ನೀರು ಜಿನುಗುತ್ತಿದ್ದರೆ ಒಂದೇ ಸಲ ತೆಗೀಬೇಡಿ. ಅರ್ಧ ತೆಗೆದು ತುಂಬಿ, ಪಂಪ್ ಓಡಿಸಿ ಬೆರೆಸಿ, ಮತ್ತೆ ಅರ್ಧ. 140, 70, 35 ಆಗುತ್ತೆ. ಆಗ ನೀರು ಏಳು ಟ್ಯಾಂಕರೇ ಬೇಕು, ಆದರೆ ತೊಟ್ಟಿ ಉಳಿಯುತ್ತೆ.

ಬೋರ್‌ನೀರು:

ತುಂಬಿಸೋ ನೀರಿನ ಬಗ್ಗೆ ಸ್ವಲ್ಪ. ಜಲಮಂಡಳಿ ವ್ಯಾಪ್ತಿಯಲ್ಲಿ ಇರೋರು ನೆನಪಿಡಿ, 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಈಜುಕೊಳಕ್ಕೆ ಕುಡಿಯೋ ನೀರು ಬಳಸೋದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿದ್ದರು. ಈಗಿನ ನಿಯಮ ಕೇಳಿಕೊಂಡೇ ಟ್ಯಾಂಕರ್ ತರಿಸಿ. ಚಾವಣಿಯ ಮಳೆನೀರು ಸಂಪಿನಲ್ಲಿ ಇದ್ದರೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ. ಗಡಸುತನ ಇಲ್ಲ, ಕಬ್ಬಿಣ ಇಲ್ಲ, ನಿಮ್ಮ 220 ಆಲ್ಕಲಿನಿಟಿಯನ್ನೂ ಇಳಿಸುತ್ತೆ.

ಬೋರ್ ನೀರೇ ಗತಿಯಾದರೆ, ಪೂಲ್‌ಗೆ ಬಿಡೋ ಮೊದಲು ಬಿಳಿ ಬಕೆಟ್‌ನಲ್ಲಿ 10 ಲೀಟರ್ ಹಿಡಿದು, ಒಂದು ಚಿಟಿಕೆ ಕ್ಲೋರಿನ್ ಪುಡಿ ಹಾಕಿ ಒಂದು ಗಂಟೆ ಬಿಡಿ. ನೀರು ಚಹಾ ಬಣ್ಣಕ್ಕೆ ತಿರುಗಿದರೆ ಕಬ್ಬಿಣ ಇದೆ. ಇದನ್ನ ತಿಳಿಯದೆ ತುಂಬಿಸಿ ಶಾಕ್ (ಒಂದೇ ಸಲ ಜಾಸ್ತಿ ಕ್ಲೋರಿನ್) ಕೊಟ್ಟರೆ ಇಡೀ ಪೂಲ್ ಕಂದು ಹಸಿರಾಗುತ್ತೆ. ಪಾಚಿ ಹೋಗಿಲ್ಲ ಅಂದುಕೊಂಡು ಮತ್ತಷ್ಟು ಕ್ಲೋರಿನ್ ಸುರೀತಾರೆ, ಬಣ್ಣ ಇನ್ನೂ ಗಾಢ ಆಗುತ್ತೆ, ಟೈಲ್ಸ್ ಸಂದಿಯಲ್ಲಿ ತುಕ್ಕಿನ ಕಲೆ ಕೂರುತ್ತೆ. ವ್ಯತ್ಯಾಸ ತಿಳಿಯೋದು ಸುಲಭ: ಗಾಜಿನ ಲೋಟದಲ್ಲಿ ಹಿಡಿದ ಪೂಲ್ ನೀರಿಗೆ ಕ್ಲೋರಿನ್ ಹಾಕಿದಾಗ ಬಣ್ಣ ಬಿಳುಚಿದರೆ ಪಾಚಿ, ಏರಿದರೆ ಕಬ್ಬಿಣ.

ಕಬ್ಬಿಣ ಇದ್ದರೆ ಸಂಪಿನಲ್ಲೇ ಮುಗಿಸಿ. 1,000 ಲೀಟರಿಗೆ 5ರಿಂದ 10 ಗ್ರಾಂ ಬ್ಲೀಚಿಂಗ್ ಪೌಡರ್, 30 ಗ್ರಾಂ ಪಟಿಕ ಕರಗಿಸಿ ಹಾಕಿ, ಕಲಕಿ, ರಾತ್ರಿಯಿಡೀ ಬಿಡಿ. ಕಂದು ಗಸಿ ತಳಕ್ಕೆ ಕೂರುತ್ತೆ. ಮೇಲಿನ ತಿಳಿ ಮಾತ್ರ ಎತ್ತಿ, ಸಂಪಿನ ಕೊನೆಯ ಅರ್ಧ ಅಡಿ ಮುಟ್ಟಬೇಡಿ.

ಹಳೇ ನೀರನ್ನು ಕೆರೆಗೋ ರಾಜಕಾಲುವೆಗೋ ಬಿಡಬೇಡಿ, ದಯವಿಟ್ಟು. ತಾಮ್ರದ ಆಲ್ಜಿಸೈಡ್ ಹಾಕಿದ್ದೀರಿ, ಮೀನಿಗೆ ಅದು ವಿಷ. ಕ್ಲೋರಿನ್ ಬಹುತೇಕ ಸೊನ್ನೆಗೆ ಇಳಿದ ಮೇಲೆ ತೋಟದಲ್ಲಿ ಹರಡಿಕೊಂಡು ಇಂಗೋ ಹಾಗೆ ಬಿಡಿ.

ಕ್ಲೋರಿನ್_ಲೆಕ್ಕ:

ಮೇಲಿನದು ಪೂರ್ತಿ ಸರಿ. ತುಂಬಿಸಿದ ಮೇಲಿನ ಕೆಲಸ ಹೇಳ್ತೀನಿ.

ಮೊದಲು ಪಿಎಚ್. 7.2ಕ್ಕೆ ತನ್ನಿ. ಪಿಎಚ್ 8ರಲ್ಲಿ ಕ್ಲೋರಿನ್ನಿನ ಕೆಲಸ ಮಾಡೋ ರೂಪ ಕಡಿಮೆ ಇರುತ್ತೆ, ಗಡಸು ನೀರಲ್ಲಿ ಸುಣ್ಣವೂ ಬಿಟ್ಟುಕೊಂಡು ಬೆಳ್ಳಗೆ ಮಬ್ಬಾಗುತ್ತೆ. ಹೈಡ್ರೋಕ್ಲೋರಿಕ್ ಆಸಿಡ್ ಅರ್ಧ ಲೀಟರ್ ತಗೊಂಡು, ನೀರು ತುಂಬಿದ ಬಕೆಟ್‌ಗೆ ಆಸಿಡ್ ಸುರಿದು (ಆಸಿಡ್‌ಗೆ ನೀರು ಯಾವತ್ತೂ ಬೇಡ), ಪಂಪ್ ಓಡ್ತಿರುವಾಗ ಆಳದ ಕಡೆ ನಿಧಾನ ಹಾಕಿ. ಒಂದು ಗಂಟೆ ಬಿಟ್ಟು ಅಳೆದು, ಬೇಕಿದ್ದರೆ ಮತ್ತೆ ಅರ್ಧ ಲೀಟರ್. ಪಿಎಚ್ ಈಗಲೇ ಸರಿಮಾಡಿ, ಕ್ಲೋರಿನ್ 10 ದಾಟಿದ ಮೇಲೆ ಪಿಎಚ್ ಕಿಟ್ ಹೇಳೋದು ನಂಬೋ ಹಾಗಿಲ್ಲ.

ಆಮೇಲೆ ಕ್ಲೋರಿನ್. ಶೇ. 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ತನ್ನಿ. ನಿಮ್ಮ ಪೂಲ್‌ಗೆ 64 ಗ್ರಾಂ ಹಾಕಿದರೆ 1 ಪಿಪಿಎಂ ಏರುತ್ತೆ, ಈ ಲೆಕ್ಕ ಗೋಡೆ ಮೇಲೆ ಬರೆದಿಡಿ. ಸೊನ್ನೆಯಿಂದ 16ಕ್ಕೆ 1 ಕೆಜಿ. ಬಕೆಟ್ ನೀರಲ್ಲಿ 250 ಗ್ರಾಂನಂತೆ ಕಲಕಿ, ತಳದಲ್ಲಿ ಕೂರೋ ಬಿಳಿ ಗಸಿ ಬಿಟ್ಟು ಮೇಲಿನದನ್ನ ಸುತ್ತಲೂ ಹಾಕಿ. ದ್ರವ ಸೋಡಿಯಂ ಹೈಪೋ ಆದರೆ ಶೇ. 10ರದ್ದು 6.7 ಲೀಟರ್. ಆದರೆ ಬಿಸಿಲಲ್ಲಿ ನಿಂತ ಕ್ಯಾನ್ ಶಕ್ತಿ ಕಳಕೊಂಡಿರುತ್ತೆ, ತಯಾರಿಕೆ ತಾರೀಖು ನೋಡಿ. ಮಾಮೂಲಿ ಬ್ಲೀಚಿಂಗ್ ಪೌಡರ್ ಪೂಲ್‌ಗೆ ಬೇಡ, ಅದರ ಸುಣ್ಣವೇ ಇನ್ನೊಂದು ರಾಡಿ.

ಟಿಸಿಸಿಎ ಮಾತ್ರೆ ಮುಟ್ಟಿದ ಕೈ, ಚಮಚ, ಬಕೆಟ್ ಯಾವುದೂ ಕ್ಯಾಲ್ಸಿಯಂ ಹೈಪೋ ಹತ್ತಿರ ಹೋಗಬಾರದು. ಇವೆರಡು ಸೇರಿದರೆ ಬೆಂಕಿ ಹೊತ್ತುತ್ತೆ, ಸಿಡಿಯುತ್ತೆ. ತೇಲುವ ಡಬ್ಬಿ ಮೊದಲು ಹೊರಗೆ ತೆಗೆಯಿರಿ. ಯಾವ ಕ್ಲೋರಿನ್ನೇ ಆಗಲಿ, ಆಸಿಡ್ ಜೊತೆ ಸೇರಿದರೆ ವಿಷಗಾಳಿ.

ಸಂಜೆ ಶುರುಮಾಡಿ, ಪಂಪ್ 24 ಗಂಟೆ ಓಡಲಿ. ಮೊದಲ ದಿನ ಮೂರು ನಾಲ್ಕು ಗಂಟೆಗೊಮ್ಮೆ ಅಳೆದು, ಎಷ್ಟು ಇಳಿದಿದೆಯೋ ಅಷ್ಟು ಹಾಕಿ ಮತ್ತೆ 16ಕ್ಕೆ ತನ್ನಿ. ಎಲ್ಲರೂ ಸೋಲೋದು ಇಲ್ಲೇ: ಒಂದು ಸಲ ಶಾಕ್ ಕೊಟ್ಟು ಬಿಡ್ತಾರೆ, ಕ್ಲೋರಿನ್ ಮುಗಿದ ಮೇಲೆ ಉಳಿದ ಪಾಚಿ ಮತ್ತೆ ಬೆಳೆಯುತ್ತೆ. ಒಟ್ಟು ಐದಾರು ಕೆಜಿ ಕೈಯಲ್ಲಿರಲಿ. ಇನ್ನೊಂದು, ಗುಲಾಬಿ ಬಣ್ಣ ಬರೋ ಡಿಪಿಡಿ ಕಿಟ್‌ನಲ್ಲಿ ಕ್ಲೋರಿನ್ ತುಂಬಾ ಜಾಸ್ತಿ ಇದ್ದರೆ ಬಣ್ಣ ಬಿಳುಚಿಹೋಗಿ ಸೊನ್ನೆ ಥರ ಕಾಣುತ್ತೆ. ಒಂದು ಪಾಲು ಪೂಲ್ ನೀರಿಗೆ ನಾಲ್ಕು ಪಾಲು ಆರ್‌ಒ ನೀರು ಸೇರಿಸಿ ಅಳೆದು, ಐದರಿಂದ ಗುಣಿಸಿ.

ದಿನಾ ಬ್ರಷ್ ಮಾಡಿ. ಗೋಡೆಗಿಂತ ಏಣಿಯ ಹಿಂದೆ, ಸ್ಕಿಮ್ಮರ್ (ಮೇಲ್ಪದರದ ನೀರು ಎಳೆದುಕೊಳ್ಳೋ ಕಿಂಡಿ) ಬಾಯಲ್ಲಿ, ಲೈಟ್ ಕೂರೋ ಗೂಡಲ್ಲಿ. ಲೈಟಿನ ಕರೆಂಟ್ ತೆಗೆದು, ಸ್ಕ್ರೂ ಬಿಚ್ಚಿ ಈಚೆ ಎಳೆದು ನೋಡಿ. ಅಲ್ಲಿ ಲೋಳೆಯಾಗಿ ಕೂತ ಪಾಚಿ ಬಿಟ್ಟರೆ ವಾರದಲ್ಲಿ ಮತ್ತೆ ಹಸಿರು.

ಮರಳುಫಿಲ್ಟರ್:

ಹಸಿರು ಹೋಗಿ ನೀರು ಬೂದಿ ಕಲಸಿದ ಹಾಗೆ ಆದಾಗ ಗಾಬರಿ ಬೇಡ, ಪಾಚಿ ಸತ್ತಿದೆ ಅಂತ. ಇನ್ನು ಫಿಲ್ಟರಿನ ಕೆಲಸ. ದಿನಕ್ಕೆ 4 ಗಂಟೆ ಓಡಿಸೋದು ನಿಮ್ಮ ಪೂಲ್‌ಗೆ ಯಾವ ಕಾಲಕ್ಕೂ ಕಡಿಮೆ.

ಫಿಲ್ಟರ್ ಶುದ್ಧ ಇದ್ದಾಗ ಒತ್ತಡದ ಗೇಜ್ ಎಷ್ಟು ತೋರಿಸುತ್ತೆ ಗುರುತಿಟ್ಟುಕೊಳ್ಳಿ. ಅದಕ್ಕಿಂತ 0.5 ಬಾರ್ ಏರಿದಾಗ ಬ್ಯಾಕ್‌ವಾಷ್ (ನೀರನ್ನು ಉಲ್ಟಾ ಹರಿಸಿ ಮರಳು ತೊಳೆಯೋದು). ಪಂಪ್ ಆಫ್ ಮಾಡದೆ ವಾಲ್ವ್ ಹಿಡಿ ತಿರುಗಿಸಬೇಡಿ, ಒಳಗಿನ ಗ್ಯಾಸ್ಕೆಟ್ ಕಿತ್ತುಬರುತ್ತೆ. ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗೋವರೆಗೆ ಎರಡು ಮೂರು ನಿಮಿಷ ಬ್ಯಾಕ್‌ವಾಷ್, ಮತ್ತೆ ಆಫ್, ಅರ್ಧ ನಿಮಿಷ ರಿನ್ಸ್. ರಿನ್ಸ್ ಬಿಟ್ಟರೆ ಕೊಳೆಯೆಲ್ಲ ಮತ್ತೆ ಪೂಲ್‌ಗೇ ಬರುತ್ತೆ. ಎಷ್ಟು ಓಡಿದರೂ ಗೇಜ್ ಏರದೆ ನೀರು ಮಬ್ಬಾಗೇ ಇದ್ದರೆ, ಮುಚ್ಚಳ ತೆಗೆದು ಮರಳಲ್ಲಿ ಕೈ ಹಾಕಿ. ಗಡಸು ನೀರಿಗೆ ಮರಳು ಗಟ್ಟಿಕಟ್ಟಿ ಉಂಡೆಯಾಗಿರುತ್ತೆ, ನೀರು ಸಂದಿ ಮಾಡಿಕೊಂಡು ಹಾಗೇ ಹರಿಯುತ್ತೆ. ಉಂಡೆ ಸಿಕ್ಕರೆ 0.4ರಿಂದ 0.8 ಮಿ.ಮೀ.ನ ಹೊಸ ಸಿಲಿಕಾ ಮರಳು ಹಾಕಿಸಿ. ಪೂಲ್ ತಳದಲ್ಲಿ ಮರಳು ಬರ್ತಿದ್ದರೆ ಒಳಗಿನ ಲ್ಯಾಟರಲ್ ಪೈಪ್ ಮುರಿದಿದೆ.

ತೋಟದಮನೆ_ದೇವನಹಳ್ಳಿ:

ತುಂಬಾ ಉಪಕಾರ ಆಯ್ತು. ಪಟಿಕ ಹಾಕಿದರೆ ಒಂದೇ ರಾತ್ರಿಯಲ್ಲಿ ತಿಳಿಯಾಗುತ್ತೆ ಅಂತಾರಲ್ಲ, ಮೊದಲೇ ಹಾಕಬಹುದಾ?

ಮರಳುಫಿಲ್ಟರ್:

ಜೀವ ಇರೋ ಪಾಚಿ ಮೇಲೆ ಹಾಕಿದರೆ ದಂಡ, ತಳಕ್ಕೆ ಹೋಗಿದ್ದು ಅಲ್ಲೇ ಬೆಳೆಯುತ್ತೆ. ಸತ್ತ ಮೇಲೆ ಹಾಕಿ, ಅದೂ ಅವಸರ ಇದ್ದರೆ ಮಾತ್ರ. ಬರೀ ಫಿಲ್ಟರ್ ಓಡಿಸಿದರೂ ಕೆಲವು ದಿನಗಳಲ್ಲಿ ಆಗುತ್ತೆ.

ಮೊದಲು ಪೂಲನ್ನು ಅಂಚಿನವರೆಗೆ ತುಂಬಿ, ಮುಂದೆ ವ್ಯಾಕ್ಯೂಮ್ ಮಾಡುವಾಗ ನೀರು ಹೋಗುತ್ತೆ. ವಾಲ್ವನ್ನು ರೀಸರ್ಕ್ಯುಲೇಟ್‌ಗೆ ಇಡಿ, ನೀರು ಮರಳಿಗೆ ಹೋಗದೆ ಸುತ್ತುತ್ತೆ. ಫಿಲ್ಟರ್‌ನಲ್ಲೇ ಬಿಟ್ಟರೆ ಪಟಿಕದ ಲೋಳೆ ಮರಳನ್ನು ಕಟ್ಟಿಹಾಕುತ್ತೆ. ಸಂಜೆ 2 ಕೆಜಿ ಪಟಿಕ ಬಕೆಟ್‌ಗಳಲ್ಲಿ ಕರಗಿಸಿ ಸುತ್ತಲೂ ಹಾಕಿ, ಎರಡು ಗಂಟೆ ಪಂಪ್ ಓಡಿಸಿ, ಆಫ್ ಮಾಡಿ. ಬೆಳಗ್ಗೆವರೆಗೂ ನೀರು ಅಲುಗಾಡಬಾರದು. ಹತ್ತಿ ಹಾಸಿದ ಹಾಗೆ ಬೂದುಬಣ್ಣದ ಪದರ ತಳದಲ್ಲಿ ಕೂತಿರುತ್ತೆ, ಮೇಲೆ ನೀರು ತಿಳಿ. ವಾಲ್ವ್ ವೇಸ್ಟ್‌ಗೆ (ನೀರು ನೇರ ಹೊರಗೆ ಹೋಗೋ ಹಾಗೆ) ಇಟ್ಟು ವ್ಯಾಕ್ಯೂಮ್ ಮಾಡಿ. ಹೆಡ್ ಎಳೆಯೋದು ಬಹಳ ನಿಧಾನ, ಪದರ ಎದ್ದರೆ ಪಂಪ್ ನಿಲ್ಲಿಸಿ ಮತ್ತೆ ಕೂರೋವರೆಗೂ ಕಾಯಬೇಕು. ಪಟಿಕ ಆಲ್ಕಲಿನಿಟಿಯನ್ನ ಸುಮಾರು 25 ಪಿಪಿಎಂ ತಿನ್ನುತ್ತೆ, ನಿಮಗೆ ಅದು ಒಳ್ಳೇದೇ. ಮುಗಿದ ಮೇಲೆ ಪಿಎಚ್ ನೋಡಿ.

ಕ್ಲೋರಿನ್_ಲೆಕ್ಕ:

ಶಾಕ್ ಯಾವಾಗ ನಿಲ್ಲಿಸಬೇಕು ಅಂತ ಬಿಟ್ಟುಹೋಗಿತ್ತು. ಕತ್ತಲಾದ ಮೇಲೆ ಒಂದು ರೀಡಿಂಗ್, ಸೂರ್ಯ ಹುಟ್ಟೋ ಮೊದಲು ಇನ್ನೊಂದು. ರಾತ್ರಿ ಕಳೆದದ್ದು 1 ಪಿಪಿಎಂ ಒಳಗಿದ್ದು, ಕಂಬೈನ್ಡ್ ಕ್ಲೋರಿನ್ (ಕೊಳೆ ಜೊತೆ ಸೇರಿಕೊಂಡ ಕ್ಲೋರಿನ್) 0.5ರ ಒಳಗಿದ್ದು, ಆಳದ ತುದಿಯ ಡ್ರೈನ್ ಜಾಲರಿಯ ತೂತುಗಳು ಮೇಲಿನಿಂದ ಎಣಿಸೋ ಹಾಗೆ ಕಂಡರೆ ಮುಗೀತು. ಮೂರರಲ್ಲಿ ಒಂದು ತಪ್ಪಿದರೂ 16 ಇಳಿಸಬೇಡಿ. ಕ್ಲೋರಿನ್ 5ಕ್ಕೆ ಇಳಿದ ಮೇಲೆ ಮಕ್ಕಳನ್ನ ಇಳಿಸಿ.

ಇನ್ನು ಮುಂದೆ ದಿನಾ ಸಂಜೆ ಕ್ಯಾಲ್ಸಿಯಂ ಹೈಪೋ 130 ಗ್ರಾಂ, ಅಂದ್ರೆ 2 ಪಿಪಿಎಂ. ಅಳೆದು ಹೆಚ್ಚು ಕಡಿಮೆ ಮಾಡಿಕೊಳ್ಳಿ, 3ಕ್ಕಿಂತ ಕೆಳಗೆ ಹೋಗಬಾರದು. ಮಾತ್ರೆ ನೀವು ಊರಲ್ಲಿ ಇಲ್ಲದ ವಾರಕ್ಕೆ ಮಾತ್ರ. ಸಯನ್ಯೂರಿಕ್ ತಿಂಗಳಿಗೊಮ್ಮೆ ಅಳೆಯಿರಿ, 60 ಮುಟ್ಟಿದರೆ ಡಬ್ಬಿ ಹೊರಗೆ.